ರೆಕ್ಕೆಯಾಚೆಗಿನ ಕ್ಯಾಡಿಲಾಕ್

1959ರ ಕ್ಯಾಡಿಲಾಕ್ ಅಂದರೆ ಹಿಂಬದಿಯ ಚಿತ್ರವೇ: ಚೂಪಾಗಿ ಮೇಲೆದ್ದ ಎರಡು ರೆಕ್ಕೆ, ಅವುಗಳಲ್ಲಿ ಗುಂಡಿನಾಕಾರದ ಜೋಡಿ ಕೆಂಪು ದೀಪ. ಪೋಸ್ಟರು, ಕ್ಯಾಲೆಂಡರು, ಆಟದ ಸಾಮಾನು ಎಲ್ಲಕ್ಕೂ ಅದೇ ಭಂಗಿ. ಈ ಕಾರು ನನಗೂ ಬಹಳ ಇಷ್ಟ. ಆದರೆ ಮೆಚ್ಚುಗೆಯೆಲ್ಲ ರೆಕ್ಕೆಯ ತುದಿಗೇ ಸಲ್ಲುವುದಕ್ಕೆ ನನ್ನ ತಕರಾರಿದೆ.

ಈ ರೆಕ್ಕೆಯ ಮೂಲ ಯುದ್ಧವಿಮಾನದಲ್ಲಿದೆ. ಕ್ಯಾಡಿಲಾಕ್ ತಯಾರಿಸುವ ಜನರಲ್ ಮೋಟಾರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಮತ್ತು ಅವನ ತಂಡಕ್ಕೆ ಲಾಕ್‌ಹೀಡ್ ಪಿ-38 ವಿಮಾನದ ಜೋಡಿ ಬಾಲ ಹಿಡಿಸಿತ್ತು. 1948ರ ಕ್ಯಾಡಿಲಾಕ್‌ನಲ್ಲಿ ಅದು ಮಡ್‌ಗಾರ್ಡಿನ ಕೊನೆಯ ಸಣ್ಣ ಉಬ್ಬಾಗಿ ಬಂತು. ಎಡದೀಪ ಎತ್ತಿದರೆ ಕೆಳಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ! ಅಲಂಕಾರಕ್ಕೆ ಒಂದು ಕೆಲಸವೂ ಇತ್ತು.

ರೆಕ್ಕೆಗೆ ನಿಜವಾದ ಶಿಸ್ತು ಬಂದದ್ದು 1957ರಲ್ಲಿ, ಕ್ರೈಸ್ಲರ್ ಕಂಪನಿಯ ವರ್ಜಿಲ್ ಎಕ್ಸ್‌ನರ್ ಕೈಯಲ್ಲಿ. ಆ ವರ್ಷದ ಪ್ಲಿಮತ್, ಕ್ರೈಸ್ಲರ್ ಕಾರುಗಳನ್ನು ಪಕ್ಕದಿಂದ ನೋಡಬೇಕು. ತಗ್ಗಾದ ಮೂತಿ, ತೆಳುವಾದ ಛಾವಣಿ, ಹಿಂದೆ ಹೋದಂತೆ ಏರುವ ಗೆರೆ. ಇಡೀ ಕಾರೇ ಒಂದು ಬೆಣೆ. ಅಲ್ಲಿ ರೆಕ್ಕೆಯನ್ನು ತೆಗೆದರೆ ಆಕಾರವೇ ಕುಸಿಯುತ್ತದೆ. ರೆಕ್ಕೆಯಿಂದ ವೇಗದಲ್ಲಿ ಸ್ಥಿರತೆ ಹೆಚ್ಚುತ್ತದೆಂದು ಎಕ್ಸ್‌ನರ್ ವಾದಿಸುತ್ತಿದ್ದ. ಕಚೇರಿಗೆ ಹೋಗಿಬರುವವನ ವೇಗಕ್ಕೆ ಅದು ಸಲ್ಲದ ವಾದ. ಈ ಕಾರುಗಳು ಬೇಗ ತುಕ್ಕು ಹಿಡಿದವು, ನೀರು ಸೋರಿದವು. ಆದರೂ ರೇಖೆಯ ಗೆಲುವು ಎಷ್ಟಿತ್ತೆಂದರೆ, ಅವನ್ನು ಕಂಡ ಜನರಲ್ ಮೋಟಾರ್ಸ್‌ನ ಕಿರಿಯ ವಿನ್ಯಾಸಕಾರರು ತಮ್ಮ 1959ರ ಮಾದರಿಗಳನ್ನು ಹೊಸದಾಗಿ ಬರೆಯಲು ಕೂತರು.

ಹಾಗೆ ಬಂದ ಕ್ಯಾಡಿಲಾಕ್‌ನ ಉದ್ದ ಸುಮಾರು 5.7 ಮೀಟರ್, ತೂಕ 2 ಟನ್ನಿಗೂ ಹೆಚ್ಚು, ಎಂಜಿನ್ 6.4 ಲೀಟರಿನ ವಿ-8. ರೆಕ್ಕೆ ಇಲ್ಲಿ ದೇಹದಿಂದ ಬಿಡಿಸಿಕೊಂಡು ತಾನೇ ಮೆರೆಯುತ್ತದೆ. ನನ್ನ ಕಣ್ಣಿಗೆ ಇದು ಸೋಲು. ಈ ಕಾರಿನ ನಿಜವಾದ ಸಾಧನೆ ನಾಲ್ಕು ಕಿಟಕಿಯ ಸೆಡಾನ್‌ನ ಛಾವಣಿ. ಸಪಾಟಾದ ತೆಳು ಹಲಗೆಯೊಂದು ಹಿಂದೆ ಗಾಜನ್ನೂ ದಾಟಿ ಚಾಚಿದೆ, ಸುತ್ತಿ ಬಂದ ಗಾಜು ಅದನ್ನು ಹೊತ್ತಂತೆಯೇ ಕಾಣುವುದಿಲ್ಲ. ಅಷ್ಟು ಭಾರದ ಲೋಹದ ಮೇಲೆ ಅಷ್ಟು ಹಗುರ!

ಈ ಚೆಲುವಿಗೆ ಬೆಲೆ ತೆತ್ತವರೂ ಇದ್ದರು. ಆ ತೂಕವನ್ನು ನಿಲ್ಲಿಸಲು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಮಾತ್ರ. ಚೂಪು ರೆಕ್ಕೆಗಳು ಪಾದಚಾರಿಗಳಿಗೆ ಮಾಡುವ ಗಾಯದ ಬಗ್ಗೆ, ಕಾರುಗಳ ಸುರಕ್ಷತೆಗಾಗಿ ಹೋರಾಡಿದ ರಾಲ್ಫ್ ನೇಡರ್ 1965ರ ತನ್ನ ಪುಸ್ತಕದಲ್ಲಿ ಬರೆದ. ವರ್ಷಕ್ಕೊಮ್ಮೆ ರೂಪ ಬದಲಿಸಿ, ಕೈಲಿರುವ ಕಾರು ಹಳತೆನಿಸುವಂತೆ ಮಾಡುವುದು ಅರ್ಲ್‌ನ ಘೋಷಿತ ನೀತಿಯೇ ಆಗಿತ್ತು. ನಮ್ಮ ಪ್ರೀಮಿಯರ್ ಪದ್ಮಿನಿಯ ಹಿಂಬದಿಗೂ, ಇಟಲಿಯ ಫಿಯಟ್ ಮೂಲಕ, ರೆಕ್ಕೆಯ ಗೀಳಿನ ಎಳೆಯೊಂದು ಬಂದಿತ್ತು, ಎಷ್ಟೋ ಮಿತವಾಗಿ.

ಇಂದು ಹೆಚ್ಚು ಹಣ ಬರುವುದು ಛಾವಣಿ ಮಡಚುವ ಎಲ್ಡೊರಾಡೊ ಬಿಯಾರಿಟ್ಜ್‌ಗೆ. ರೆಕ್ಕೆ ಎದ್ದು ಕಾಣುವುದೂ ಅದರಲ್ಲೇ. ಅಂಥವನ್ನು ದುರಸ್ತಿ ಮಾಡಲು ನಾಲ್ಕು ಬಾಗಿಲಿನ ಸೆಡಾನ್‌ಗಳನ್ನು ಬಿಚ್ಚಿ ದೀಪ, ಬಂಪರ್, ಕ್ರೋಮ್ ಪಟ್ಟಿ ಕಿತ್ತುಕೊಳ್ಳುವುದು ಸಂಗ್ರಾಹಕರಲ್ಲಿ ರೂಢಿ. ಆ ಮಾದರಿಯ ಅತ್ಯುತ್ತಮ ಛಾವಣಿ ಹೀಗೆ ಗುಜರಿಗೆ ಹೋಗುತ್ತಿರುವುದು ನನಗೆ ಸಹಿಸಲಾಗದ ಸಂಗತಿ.