ಐಹೊಳೆಯ ಪ್ರಶಸ್ತಿಯಲ್ಲಿ ಕಡಲು

ದೆಹಲಿಯ ದ್ವಾರಕೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ನಾಡಿನ ಹಿರಿಮೆಯನ್ನು ನೆನೆಯುವಾಗಲೆಲ್ಲ, ಇಮ್ಮಡಿ ಪುಲಿಕೇಶಿಯು ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿಯು ತಪ್ಪದೆ ಪ್ರಸ್ತಾಪಕ್ಕೆ ಬರುತ್ತದೆ. ಹರ್ಷನ ವಂಶದ ಮೂಲನೆಲೆಯಾದ ಥಾನೇಸರವು ಇಲ್ಲಿಂದ ಕೆಲವೇ ಗಂಟೆಗಳ ದಾರಿ. ಉತ್ತರಾಪಥದಲ್ಲಿ ಬಾಳುವ ದಕ್ಷಿಣದವರಿಗೆ ಆ ನೆನಪು ಹಿತವಾಗಿರುವುದು ಸಹಜವೇ ಸರಿ. ಆದರೆ ಈ ಹೆಮ್ಮೆಗೆ ಮುಖ್ಯ ಆಧಾರವಾದ ಐಹೊಳೆಯ ಪ್ರಶಸ್ತಿಯನ್ನು ಒಂದು ಕಾವ್ಯವೆಂದು ಭಾವಿಸಿ ಇಡಿಯಾಗಿ ಓದಿದವರು ವಿರಳ. ಒಂದು ಪದ್ಯದ ಸಡಗರದಲ್ಲಿ ಮಿಕ್ಕವು ಮರೆಯಾಗಿವೆ.

ಮೇಗುತಿಯ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ಈ ಪ್ರಶಸ್ತಿಯನ್ನು ರಚಿಸಿದನು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನು ಎಣಿಸಿಕೊಂಡ ಈ ಕವಿ ಹರ್ಷನ ಹೆಸರಿನ ಮೇಲೆಯೇ ಶ್ಲೇಷೆಯನ್ನು ಕಟ್ಟಿದ್ದಾನೆ: ರಣದಲ್ಲಿ ಆನೆಗಳು ಉರುಳಿದವು, ಹರ್ಷನ ಹರ್ಷವು ಅಳಿಯಿತು. ಚತುರವಾದ ಮಾತು, ನಿಜ. ಆದರೆ ಆ ಯುದ್ಧವು ಏತಕ್ಕಾಗಿ ನಡೆಯಿತೆಂಬುದನ್ನು ಅದು ಹೇಳುವುದಿಲ್ಲ.

ಹೇಳುವ ಪದ್ಯಗಳು ಅದರ ಹಿಂದೆಯೇ ಇವೆ. ಪ್ರಶಸ್ತಿಯ ಉದ್ದಕ್ಕೂ ಕಡಲು ಮೊರೆಯುತ್ತಿದೆ. ಮಂಗಲೇಶನು ರೇವತೀದ್ವೀಪವನ್ನು ಮುತ್ತಿದಾಗ ನೀರಿನಲ್ಲಿ ಪ್ರತಿಬಿಂಬಿಸಿದ ಅವನ ಸೇನೆಯು ವರುಣನ ಸೈನ್ಯವೇ ಬಂದಂತೆ ತೋರುತ್ತದೆ. ಪುಲಿಕೇಶಿಯ ಸೇನಾಸಾಗರವು ಸುತ್ತುವರಿಯಲು ಬನವಾಸಿಯ ನೆಲದ ಕೋಟೆ ಜಲದುರ್ಗವಾದಂತೆ ಕಾಣುತ್ತದೆ. ಸೇನೆಯನ್ನು ಸಮುದ್ರಕ್ಕೆ ಹೋಲಿಸುವುದು ಕವಿಸಮಯ, ಅದರಿಂದ ಇತಿಹಾಸವನ್ನು ಹಿಂಡಬಾರದು ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಪುರಿಯ ಮುತ್ತಿಗೆಯನ್ನು ಹೇಳುವ ಪದ್ಯದಲ್ಲಿ ಕಡಲು ಉಪಮಾನವಾಗಿ ಉಳಿದಿಲ್ಲ. ಅಲ್ಲಿ ಮದಗಜಗಳಂತಹ ನೂರಾರು ನಾವೆಗಳು ನಿಜವಾದ ನೀರಿನ ಮೇಲೆ ಸಾಗುತ್ತವೆ; ಮೋಡ ಕವಿದ ಬಾನು ಕಡಲಿನಂತೆಯೂ, ಕಡಲು ಬಾನಿನಂತೆಯೂ ಆಗುತ್ತದೆ. ಎಲಿಫೆಂಟಾ ಎಂದು ಹೆಸರಾದ ಘಾರಾಪುರಿಯೇ ಈ ಪುರಿಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಕವಿ ಅದನ್ನು ಕರೆಯುವುದು ಪಶ್ಚಿಮ ಸಮುದ್ರದ ಲಕ್ಷ್ಮಿ ಎಂದು. ಲಕ್ಷ್ಮಿ ಎಂಬ ಆ ಒಂದು ಪದದಲ್ಲಿ ಇಡೀ ದಂಡಯಾತ್ರೆಯ ಉದ್ದೇಶವು ಬಯಲಾಗಿದೆ.

ಪದ್ಯಗಳ ಅನುಕ್ರಮವನ್ನೂ ಗಮನಿಸಬೇಕು. ಮೊದಲು ಕೊಂಕಣದ ಮೌರ್ಯರು, ಅನಂತರ ಪುರಿ, ಬಳಿಕ ಲಾಟ ಮಾಳವ ಗುರ್ಜರರು, ಆಮೇಲೆ ಹರ್ಷ. ಪ್ರಶಸ್ತಿಯ ಕ್ರಮವೇ ಕಾಲಕ್ರಮವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೂ ಈ ಸಾಲು ಕರಾವಳಿಯನ್ನು ಹಿಡಿದು ಬಡಗಣಕ್ಕೆ ಏರುತ್ತದೆ. ಲಾಟದೇಶದ ಭರುಕಚ್ಛವು ನರ್ಮದೆಯ ಮುಖದಲ್ಲಿರುವ ರೇವುಪಟ್ಟಣ. ಪೈಠಣ, ತಗರಗಳ ಸರಕು ಬಂಡಿಗಳಲ್ಲಿ ಅಲ್ಲಿಗೆ ಇಳಿಯುತ್ತಿತ್ತೆಂದು ಕ್ರಿ.ಶ. ಮೊದಲನೆಯ ಶತಮಾನದ ಪೆರಿಪ್ಲಸ್ ಎಂಬ ಗ್ರೀಕ್ ಗ್ರಂಥವು ತಿಳಿಸುತ್ತದೆ. ಹೀಗೆ ನೋಡಿದರೆ ನರ್ಮದೆಯು ಎರಡು ರಾಜ್ಯಗಳ ಗಡಿಗೆರೆ ಮಾತ್ರವಾಗಿ ಉಳಿಯದೆ, ಒಳನಾಡಿನ ಸರಕು ಕಡಲನ್ನು ಸೇರುವ ಹೆಬ್ಬಾಗಿಲಾಗಿ ಕಾಣುತ್ತದೆ.

ಇಷ್ಟನ್ನು ಸೂಚಿಸಿದ ಕವಿ ಆ ಹಡಗುಗಳಲ್ಲಿ ಸರಕು ತುಂಬುತ್ತಿದ್ದವರನ್ನು ಮಾತ್ರ ಹೆಸರಿಸಲಿಲ್ಲ. ಇದು ಪ್ರಶಸ್ತಿಯ ದೊಡ್ಡ ಕೊರತೆ. ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನು ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದ ಪುಲಿಕೇಶಿಯ ಆನೆಗಳನ್ನು ವರ್ಣಿಸಿದ್ದಾನೆ. ಆ ಆನೆಗಳೂ ಬಾದಾಮಿಯನ್ನು ಕಾಯಲಿಲ್ಲ. ಪ್ರಶಸ್ತಿಯನ್ನು ಕೆತ್ತಿಸಿ ಹತ್ತು ವರ್ಷ ತುಂಬುವ ಮೊದಲೇ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ರಾಜಧಾನಿಯನ್ನು ಹಿಡಿದನು.

ಆದರೆ ಅದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ವಣಿಕ್ ಸಂಘವು ಮುಂದೆ ಶತಮಾನಗಳ ಕಾಲ ಬಾಳಿತು. ಅದರ ಶಾಸನಗಳು ಕನ್ನಡ, ತಮಿಳು, ತೆಲುಗು ನಾಡುಗಳಲ್ಲಿ ದೊರೆತಿವೆ. ಸುಮಾತ್ರದ ಬಾರೂಸಿನಲ್ಲಿಯೂ 1088ರ ತಮಿಳು ಶಾಸನವಿದೆ. ಈ ವರ್ತಕರು ಸಾಧುಗಳಾಗಿರಲಿಲ್ಲ. ಆಯುಧಪಾಣಿಗಳಾದ ಕಾವಲಿನವರು ಅವರೊಂದಿಗಿದ್ದರು. ಅರಸರಂತೆ ಅವರೂ ಪ್ರಶಸ್ತಿಗಳನ್ನು ಬರೆಯಿಸಿಕೊಂಡರು. ಅವುಗಳಲ್ಲಿ ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತದೆ: ಅರಸನ ಪ್ರಶಸ್ತಿಯು ಸೋತ ರಾಜರನ್ನು ಎಣಿಸಿದರೆ, ಐನೂರ್ವರದು ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನೂ ತಾವು ಸಂಚರಿಸಿದ ದೇಶಗಳನ್ನೂ ಎಣಿಸುತ್ತದೆ.

ದ್ವಾರಕೆಗೆ ನಾವು ಬಂದುದು ದಂಡೆತ್ತಿಯಲ್ಲ. ಕಲಿತ ವಿದ್ಯೆಯನ್ನು ಹೊತ್ತು, ಜೀವನೋಪಾಯಕ್ಕಾಗಿ ಬಂದೆವು. ನಮ್ಮ ಹಿರಿಯರೆಂದು ಐನೂರ್ವರನ್ನು ನೆನೆಯುವುದರಿಂದ ಪುಲಿಕೇಶಿಯ ಕೀರ್ತಿಗೆ ಕುಂದೇನೂ ಬಾರದು. ಮುಂದಿನ ಸಭೆಯಲ್ಲಿ ಹರ್ಷನ ಪದ್ಯವನ್ನು ಓದುವವರು ಅದಕ್ಕೆ ಮೊದಲು ಪುರಿಯ ಪದ್ಯವನ್ನೂ ಓದಲಿ ಎಂಬುದಷ್ಟೇ ನಮ್ಮ ವಿನಂತಿ.