ಭ್ರಮರಕೀಟನ್ಯಾಯ: ದೃಷ್ಟಾಂತದ ಪರಾಮರ್ಶೆ

ಧ್ಯಾನಿಸುವವನು ಧ್ಯೇಯವೇ ಆಗುವನೆಂಬ ಸಿದ್ಧಾಂತಕ್ಕೆ ಭ್ರಮರಕೀಟನ್ಯಾಯವನ್ನು ದೃಷ್ಟಾಂತವಾಗಿ ಕೊಡುವ ವಾಡಿಕೆ ಸುಪ್ರಸಿದ್ಧವಾದುದು. ಭಾಗವತದ ಸಪ್ತಮ, ಏಕಾದಶ ಸ್ಕಂಧಗಳಲ್ಲಿ ಇದುಂಟು. ಶಂಕರರ ಹೆಸರಿನಲ್ಲಿ ಪ್ರಚಲಿತವಾದ ವಿವೇಕಚೂಡಾಮಣಿಯಲ್ಲುಂಟು. ಕನ್ನಡದ ವಚನವಾಙ್ಮಯಕ್ಕೂ ಇದು ಚಿರಪರಿಚಿತ. ಪಾಠ ಹೇಳುವವರು ಇದನ್ನು ಪ್ರಕೃತಿಯಲ್ಲಿ ನಡೆಯುವ ಸಂಗತಿಯೆಂದೇ ವಿವರಿಸುವುದುಂಟು. ಹುಳುವು ಚಿಟ್ಟೆಯಾಗುವುದನ್ನು ತೋರಿಸಿ, ವಿಜ್ಞಾನವೂ ಈ ನ್ಯಾಯವನ್ನು ಒಪ್ಪಿದೆಯೆಂದು ಸಮರ್ಥಿಸುವವರೂ ಉಂಟು. ಈ ಸಮರ್ಥನೆ ನಿಲ್ಲತಕ್ಕುದಲ್ಲ.

ಮೊದಲನೆಯದಾಗಿ, ಇಲ್ಲಿ ಹೇಳಿರುವ ಪ್ರಾಣಿ ಹೂವಿನ ದುಂಬಿಯಲ್ಲ. ಭಾಗವತದ ಶಬ್ದ ಪೇಶಸ್ಕೃತ್. ರೂಪವನ್ನು ಮಾಡತಕ್ಕದ್ದೆಂದು ಅವಯವಾರ್ಥ. ಅದು ಹುಳುವನ್ನು ಗೋಡೆಯಲ್ಲಿ ಸೆರೆಯಿಡುವುದೆಂಬ ವಿವರಣೆಯಿಂದ, ಮಣ್ಣುಗೂಡು ಕಟ್ಟುವ ಕಡಜವೆಂಬುದು ಸ್ಪಷ್ಟ. ಈ ಕಡಜವು ಗೂಡಿನಲ್ಲಿ ಮೊಟ್ಟೆಯಿಟ್ಟು, ಹುಳುಗಳನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ತಂದು ತುಂಬಿ, ಬಾಯನ್ನು ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆ ಹುಳುಗಳನ್ನು ತಿಂದು ಬೆಳೆದು ಕಡಜವಾಗಿ ಹೊರಬರುತ್ತದೆ. ಹುಳು ಒಳಹೊಕ್ಕುದನ್ನೂ ಕಡಜ ಹೊರಬಿದ್ದುದನ್ನೂ ಪೂರ್ವಿಕರು ಕಂಡುದು ಸುಳ್ಳಲ್ಲ, ನಡುವಣದು ಊಹೆ. ಹುಳುವಿಗೆ ದೊರೆತುದು ಸಾರೂಪ್ಯವಲ್ಲ, ಮರಣ.

ಇನ್ನು ನಿಜವಾದ ರೂಪಾಂತರ. ಮೈಸೂರು ಸೀಮೆಯವರಿಗೆ ರೇಷ್ಮೆಹುಳು ಅಪರಿಚಿತವಲ್ಲ. ಸಾಕುವವರು ಜ್ವರವೆನ್ನುವ 4 ಪೊರೆಬಿಡುವಿಕೆಗಳನ್ನು ದಾಟಿ, ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಅದರ ಕರುಳಿನಲ್ಲಿ ನಡೆಯುವುದು ಬಹು ವಿಚಾರಾರ್ಹ. ಸೊಪ್ಪು ತಿನ್ನುವ ಕಾಲದ ಜೀವಕೋಶಗಳ ಪದರದ ಬುಡದಲ್ಲಿಯೇ ಸಣ್ಣ ಮೀಸಲು ಕೋಶಗಳು ಮೊದಲಿನಿಂದಲೂ ಇರುತ್ತವೆ. ರೂಪಾಂತರ ಕಾಲದಲ್ಲಿ ಹಳೆಯ ಪದರ ಕರುಳಿನೊಳಕ್ಕೇ ಕಳಚಿ ಬಿದ್ದು ಜೀರ್ಣವಾಗುತ್ತದೆ. ಮೀಸಲು ಕೋಶಗಳು ವೃದ್ಧಿಹೊಂದಿ ಪತಂಗದ ಕರುಳನ್ನು ಕಟ್ಟುತ್ತವೆ. ಹಳೆಯದಕ್ಕೂ ಹೊಸದಕ್ಕೂ ಡಿ.ಎನ್.ಎ. ಎಂಬ ಮೂಲಗ್ರಂಥ ಒಂದೇ. ಅದರಿಂದ ಆಯಾ ಕಾಲಕ್ಕೆ ಬೇಕಾದ ಪ್ರಕರಣವನ್ನು ಪ್ರತಿಮಾಡಿಕೊಳ್ಳುವುದೇ ಆರ್.ಎನ್.ಎ. ರಚನೆ. ಸೊಪ್ಪು ತಿನ್ನುವಾಗ ಒಂದು ಭಾಗದ ಪ್ರತಿ, ರೂಪಾಂತರಕ್ಕೆ ಇನ್ನೊಂದರದು.

ಪ್ರತಿಯನ್ನು ಬದಲಿಸೆಂದು ಪ್ರೇರಿಸುವುದಾವುದು? 1954ರಲ್ಲಿ ಬುಟೆನಾಂಟ್, ಕಾರ್ಲ್‌ಸನ್ ಎಂಬಿಬ್ಬರು ಸುಮಾರು 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ 25 ಮಿಲಿಗ್ರಾಂನಷ್ಟು ಎಕ್ಡೈಸೋನ್ ಎಂಬ ದ್ರವ್ಯವನ್ನು ಶೋಧಿಸಿ ತೆಗೆದರು. 1960ರಲ್ಲಿ ಕ್ಲೇವರ್, ಕಾರ್ಲ್‌ಸನ್ ಇದನ್ನು ಕೈರಾನೋಮಸ್ ಎಂಬ ಕೀಟದ ಮರಿಗೆ ಚುಚ್ಚಿ ಸೇರಿಸಲು, ಅದರ ಲಾಲಾಗ್ರಂಥಿಯ ವರ್ಣತಂತುಗಳಲ್ಲಿ ಗೊತ್ತಾದ ಸ್ಥಳಗಳು ಒಂದು ಗಂಟೆಯೊಳಗೇ ಉಬ್ಬಿದುವು, ಆರ್.ಎನ್.ಎ. ಸಿದ್ಧವಾಗುವುದು ಅಂತಹ ಉಬ್ಬುಗಳಲ್ಲಿಯೇ. ಪ್ರಯೋಗ ಕರುಳಿನಲ್ಲಿ ನಡೆದುದಲ್ಲವಾದರೂ, ಅಲ್ಲಿಯೂ ಪರಿವರ್ತನೆಯ ಪ್ರೇರಕ ಈ ದ್ರವ್ಯವೇ. ಅದು ಹುಳುವಿನ ಎದೆಯ ಗ್ರಂಥಿಯಿಂದಲೇ ಹುಟ್ಟುವುದು. ಹೊರಗಿನ ಭ್ರಮರಕ್ಕೆ ಇಲ್ಲಿ ಕೆಲಸವಿಲ್ಲ. ತನ್ನಲ್ಲಿ ಅಡಗಿದ್ದುದೇ ಪ್ರಕಟವಾಗುವುದರಿಂದ ಇದು ಸಾಂಖ್ಯರ ಸತ್ಕಾರ್ಯವಾದಕ್ಕೆ ಹತ್ತಿರ, ತಾದಾತ್ಮ್ಯಕ್ಕೆ ದೂರ.

ಹಾಗಾದರೆ ನ್ಯಾಯವನ್ನು ಬಿಟ್ಟುಬಿಡಬೇಕೆ? ಲೌಕಿಕರಿಗೂ ಪರೀಕ್ಷಕರಿಗೂ ಸಮಾನವಾದ ತಿಳಿವಳಿಕೆ ಯಾವುದರಲ್ಲಿದೆಯೋ ಅದು ದೃಷ್ಟಾಂತವೆಂದು ಗೌತಮನ ಲಕ್ಷಣ. ಪರೀಕ್ಷಕರು ಅಲ್ಲಗಳೆದ ಮೇಲೆ ವಾದದಲ್ಲಿ ಇದಕ್ಕೆ ಸ್ಥಾನವಿಲ್ಲ. ಕಾವ್ಯದ ಮಾತು ಬೇರೆ. ಚಕೋರವು ಬೆಳುದಿಂಗಳನ್ನು ಕುಡಿಯುವುದೆಂಬುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಲೋಕದಲ್ಲಿ ಇಲ್ಲದಿದ್ದರೂ ಪರಂಪರೆಯಿಂದ ಬಂದುದನ್ನು ರಾಜಶೇಖರನು ಕವಿಸಮಯವೆಂದು ಅಂಗೀಕರಿಸಿರುವನು. ವಚನಕಾರರ ಕೀಟವನ್ನು ಈ ವರ್ಗಕ್ಕೆ ಸೇರಿಸಿ ಪಾಠ ಹೇಳಿದರೆ ರಸಕ್ಕೆ ಹಾನಿಯಿಲ್ಲ. ಹುಳುವು ತನ್ನ ಪೂರ್ವರೂಪವನ್ನು ಬಿಡದೆಯೇ ಸಾರೂಪ್ಯವನ್ನು ಪಡೆಯುವುದೆಂದು ಏಕಾದಶ ಸ್ಕಂಧದಲ್ಲಿ ಹೇಳಿದೆ. ಚಿಟ್ಟೆಯನ್ನು ತೋರಿಸಿ ಸಮರ್ಥಿಸುವವರು ಈ ವಿಶೇಷಣವನ್ನು ಗಮನಿಸಿದಂತೆ ಕಾಣುವುದಿಲ್ಲ. ಪತಂಗವಾಗುವ ಹುಳುವಾದರೋ ತನ್ನ ಕರುಳನ್ನೂ ಬಿಟ್ಟಿರುತ್ತದೆ.