ಹದಿನಾರು ರೂಪಾಯಿ ಮತ್ತು ಖರೀದಿದಾರರ ಹೊಣೆ

ಹೊಳೆಆಲೂರಿನ ಎರೆಭೂಮಿಗೆ ಜಾಗತಿಕ ಮಾರುಕಟ್ಟೆ ಹೊಸದಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿಯ ಕೊರತೆಯಾದಾಗ ಧಾರವಾಡ ಸೀಮೆಯ ಹತ್ತಿಗೆ ಭಾರೀ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಲಾಭ ಹಡಗು ಹತ್ತಿತು, ನಷ್ಟ ಇಲ್ಲೇ ಉಳಿಯಿತು.

ಇಂದು ಅದೇ ದೂರದ ಖರೀದಿದಾರರು ‘ಜವಾಬ್ದಾರಿಯುತ ಖರೀದಿ’ಯ ಮಾತನಾಡುತ್ತಿದ್ದಾರೆ. ಪ್ರತಿ ಬ್ರಾಂಡ್‌ಗೂ ಒಂದು ನೀತಿಸಂಹಿತೆಯಿದೆ, ತಪಾಸಕರಿದ್ದಾರೆ. ಆದರೆ 2013ರಲ್ಲಿ ಕುಸಿದು 1,100ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಢಾಕಾ ಸಮೀಪದ ರಾಣಾ ಪ್ಲಾಜಾದ ಕೆಲವು ಘಟಕಗಳಲ್ಲೂ ಮೊದಲೇ ತಪಾಸಣೆ ನಡೆದಿತ್ತು ಎಂಬುದನ್ನು ನಾವು ಮರೆಯಬಾರದು.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. ಏಪ್ರಿಲ್ 2020ರಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಬೇಕಿತ್ತು. ಅಂದರೆ ದಿನಕ್ಕೆ ಸುಮಾರು 16 ರೂಪಾಯಿ. ಕೊರೋನಾ ನೆಪದಲ್ಲಿ ಸರಕಾರ ಅದನ್ನು ಮುಂದೂಡಿತು. ಅದೇ ವರ್ಷ ಹೈಕೋರ್ಟ್ ಈ ಆದೇಶವನ್ನು ತಡೆಹಿಡಿದರೂ ಮಾಲೀಕರು ಹಣ ಕೊಡಲಿಲ್ಲ. ವಂಚಿತರಾದವರು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಣ್ಣುಮಕ್ಕಳು. ಕಾರ್ಮಿಕ ಸಂಘಗಳು ಪಟ್ಟುಹಿಡಿದ ಮೇಲೆ, ವಿದೇಶಿ ಪತ್ರಿಕೆಗಳು ಬರೆದ ಮೇಲೆ, ಬ್ರಾಂಡ್‌ಗಳ ಹೆಸರಿಗೆ ಮಸಿ ಹತ್ತಿದ ಮೇಲೆ, 2022ರ ಆರಂಭದಲ್ಲಿ ದೊಡ್ಡ ರಫ್ತು ಕಂಪನಿಯಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಕೊಡಲು ಒಪ್ಪಿತು.

ಇಲ್ಲಿ ಏಳುವ ಪ್ರಶ್ನೆ ಸರಳ. ಕಾನೂನುಬದ್ಧ ಕೂಲಿ ಕೊಡಬೇಕೆಂದು ಎಲ್ಲ ನೀತಿಸಂಹಿತೆಗಳೂ ಹೇಳುತ್ತವೆ. ಹಾಗಿದ್ದರೂ ಇಪ್ಪತ್ತು ತಿಂಗಳು ತಪಾಸಕರು ಏನು ಮಾಡುತ್ತಿದ್ದರು? ಸಂಹಿತೆ ಮಾಲೀಕನನ್ನು ಕಟ್ಟಿಹಾಕುತ್ತದೆ, ಖರೀದಿದಾರನನ್ನಲ್ಲ. ಪ್ರತಿ ವರ್ಷ ದರ ಇಳಿಸು, ಬೇಗ ಕಳಿಸು ಎನ್ನುವವನೂ ಅವನೇ, ಕಾರ್ಮಿಕರ ಹಕ್ಕಿನ ಪಾಠ ಹೇಳುವವನೂ ಅವನೇ! ದರದಲ್ಲಿ ಕಡಿತವಾದದ್ದು ಕೊನೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಸಂಬಳದಲ್ಲೇ ಕಡಿತವಾಗುತ್ತದೆ. ಹಾಗೆಂದು ಮಾಲೀಕರೂ ಸರಕಾರವೂ ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ.

ಇನ್ನು ಬಿಸಿಲಲ್ಲಿ ಹತ್ತಿ ಬಿಡಿಸುವವರ ಗತಿಯೇನು? ಅವರಿಗೆ ಹಾಜರಿ ಪುಸ್ತಕವೂ ಇಲ್ಲ, ಪಿ.ಎಫ್. ಕೂಡ ಇಲ್ಲ. ಕಾರ್ಖಾನೆಯ ಗೇಟಿನಲ್ಲೇ ನಿಲ್ಲುವ ತಪಾಸಣೆ ಹೊಲದವರೆಗೆ ಬರುವುದು ಅಪರೂಪ.

ಜವಾಬ್ದಾರಿಯುತ ಖರೀದಿ ಎಂಬುದು ಪ್ರಾಮಾಣಿಕವಾಗಿದ್ದರೆ ಅದು ಮೊದಲು ಬಿಲ್ಲಿನಲ್ಲಿ ಕಾಣಬೇಕು. ಕನಿಷ್ಠ ಕೂಲಿ ಹೆಚ್ಚಿದಾಗ ಬಟ್ಟೆಗೆ ಕೊಡುವ ದರವೂ ಹೆಚ್ಚಬೇಕು. ಸಂಘ ಕಟ್ಟಿದವರಿಗೆ ರಕ್ಷಣೆ ಬೇಕು. ಹಬ್ಬಕ್ಕೆ, ಮದುವೆಗೆ ಅಗ್ಗದ ಬಟ್ಟೆ ಹುಡುಕುವ ನಾವೂ ಈ ಸರಪಳಿಯ ಒಂದು ಕೊಂಡಿ. ಕೊಳ್ಳುವ ಮುನ್ನ ಬೆಲೆ ಕೇಳುವ ನಾವು ಕೂಲಿಯ ಬಗ್ಗೆಯೂ ಕೇಳಲು ಕಲಿಯಬೇಕಾಗಿದೆ.